ಹಾಲವ್ವನ ಮನೆಯ ಬಿಳಿ ದಾರ

ನನ್ನ ಹೆಸರು ದಾಕ್ಷಾಯಿಣಿ. ಹಾಗೆಂದು ನೀವು ನಮ್ಮೂರಿಗೆ ಬಂದು ದಾಕ್ಷಾಯಿಣಿಯ ಮನೆ ಯಾವುದು ಎಂದು ಕೇಳಿದರೆ ಯಾರೂ ಹೇಳಲಿಕ್ಕಿಲ್ಲ. ಬ್ಯಾಡವ್ವನ ಮನೆ ಯಾವುದು ಎಂದು ಕೇಳಬೇಕು. ಆಗ ನಾಲ್ಕು ಜನ ಎದ್ದು ದಾರಿ ತೋರಿಸುತ್ತಾರೆ, ಅವರಲ್ಲಿ ಇಬ್ಬರು ನನ್ನ ಮೇಲಿನ ಸಿಟ್ಟನ್ನೂ ತೋಡಿಕೊಳ್ಳುತ್ತಾರೆ. ಇಪ್ಪತ್ತೆರಡು ವರ್ಷದಿಂದ ಊರ ದಾರದ ಮನೆಯಲ್ಲಿ ಕೂತು, ಏನಾದರೊಂದು ಎರವಲು ಕೇಳಿಕೊಂಡು ಬಂದವರಿಗೆ "ಬ್ಯಾಡ" ಎನ್ನುವುದೇ ನನ್ನ ಉದ್ಯೋಗ. ಮದುವೆಗೆ ಹಂದರ ಹಾಕುವವರಿಗೂ ಹೇಳಿದ್ದೇನೆ, ಹೆಣ ಹೊರಲು ಚಟ್ಟ ಕೇಳಿದವರಿಗೂ ಹೇಳಿದ್ದೇನೆ. ನಾನು ಎದುರಿಗೆ ಬಂದರೆ ಕೆಲಸ ಕೆಟ್ಟಿತು ಅನ್ನುವವರಿದ್ದಾರೆ. ಅನ್ನಲಿ. ಅವರ ಕೈಕಾಲು ನೆಟ್ಟಗಿರುವುದು ನನ್ನಿಂದ.

ನಮ್ಮೂರಿನಲ್ಲಿ ಒಂದು ವಸ್ತುವಿಗೆ ಒಬ್ಬರೇ ಒಡೆಯರು. ಅವರು ಸತ್ತರೆ, ಇಲ್ಲವೇ ಊರ ಗಡಿಕಲ್ಲು ದಾಟಿದರೆ, ಹಿಂದೆ ಬಿಟ್ಟುಹೋದ ಅವರ ವಸ್ತುಗಳೆಲ್ಲ ಆ ಗಳಿಗೆಯಲ್ಲೇ ಇಲ್ಲವಾಗುತ್ತವೆ. ಖಾನಾವಳಿಯ ಚನಬಸಯ್ಯ ಒಮ್ಮೆ ಯಾರೊಡನೆಯೋ ಮಾತಾಡುತ್ತ ಮೈಮರೆತು ಗಡಿಕಲ್ಲಿನ ಆಚೆ ಎರಡು ಹೆಜ್ಜೆ ಇಟ್ಟ. ಇತ್ತ ಮೂವತ್ತು ಜನರ ಮುಂದಿನ ತಾಟು ಮಾಯವಾಗಿ ಬಿಸಿ ಸಾರು ತೊಡೆಯ ಮೇಲೆ ಬಿತ್ತು. ಬಡಿಸಿದ ಮೇಲೆ ಸಾರು ಉಣ್ಣುವವನದು, ಹಾಗಾಗಿ ಅದೊಂದು ಉಳಿದಿತ್ತು. ಕಟ್ಟಡ ಹೆಂಡತಿಯದಾದ್ದರಿಂದ ಸೂರೂ ಉಳಿಯಿತು. ಊರೂರು ತಿರುಗಿ ವ್ಯಾಪಾರ ಮಾಡುವ ಗಂಡಸರು ಇಲ್ಲಿ ತಮ್ಮದೆಂದು ಒಂದು ಲೋಟವನ್ನೂ ಇಟ್ಟುಕೊಳ್ಳುವುದಿಲ್ಲ. ಈಗೀಗ ಮನೆಗಳೆಲ್ಲ ಹೆಂಗಸರವು, ಅದೂ ಊರು ಬಿಟ್ಟು ಕದಲದ ಹೆಂಗಸರವು.

ಎರವಲಿಲ್ಲದೆ ಬಾಳುವೆ ನಡೆಯುವುದಿಲ್ಲವಲ್ಲ, ಅದಕ್ಕೇ ದಾರದ ಮನೆ. ಗೋಡೆಯ ತುಂಬ ಮೊಳೆಗಳು, ವಸ್ತುವಿಗೊಂದು ಮೊಳೆ. ಸುಮ್ಮನೆ ನೋಡಲು, ಕೂರಲು, ಹತ್ತಿ ಇಳಿಯಲು ಎರವಲು ಕೊಟ್ಟರೆ ಬಿಳಿ ದಾರ. ಅದು ಎಷ್ಟು ಬೇಕಾದರೂ ಇರಬಹುದು. ಕತ್ತರಿಸಲು, ಹೊಲಿಯಲು, ಬಣ್ಣ ಹಾಕಲು ಕೊಟ್ಟರೆ ಕೆಂಪು ದಾರ. ಅದು ಒಂದೇ ಒಂದು, ಅದಿರುವಾಗ ಬಿಳಿಯದೂ ಕೂಡದು. ಒಬ್ಬಳು ಸೀರೆಯ ಅಂಚು ನೋಡಿಕೊಂಡು ಮಗ್ಗದಲ್ಲಿ ಅದೇ ನಮೂನೆ ನೇಯುತ್ತಿರುವಾಗ ಇನ್ನೊಬ್ಬಳು ಆ ಸೀರೆಯನ್ನು ಬಣ್ಣದಲ್ಲಿ ಅದ್ದಲು ಬಂದರೆ ನಾನೇನು ಹೇಳಲಿ? ಹಗ್ಗದ ಒಡೆಯ ನಾಲ್ಕಕ್ಕೆ ಊರು ಬಿಡುವವನಿದ್ದು, ಆ ಹಗ್ಗ ಹಿಡಿದು ಬಾವಿಗೆ ಇಳಿಯುವವನು ಐದಕ್ಕೆ ಮೇಲೆ ಬರುವವನಿದ್ದರೆ? ದಾರವನ್ನು ಒಡೆಯರು ಕಟ್ಟಬೇಕು, ತಂದೊಪ್ಪಿಸಿದ ಮೇಲೆ ನಾನು ಬಿಚ್ಚಬೇಕು. ಒಂದೇ ಒಂದು ದಾರ ಇದ್ದರೂ ಆ ವಸ್ತುವನ್ನು ಇನ್ನೊಬ್ಬರಿಗೆ ಕೊಟ್ಟುಬಿಡುವ ಹಾಗಿಲ್ಲ.

ಹೊಳೆಯ ಕೆಳಗಿನ ಊರಿನಲ್ಲಿ ಈ ತಾಪತ್ರಯ ಇಲ್ಲವಂತೆ. ಅಲ್ಲಿ ಏನೂ ಮಾಯವಾಗುವುದಿಲ್ಲ, ಬೇಕಾದವರು ಬೇಕಾದ್ದು ಎತ್ತಿಕೊಳ್ಳುತ್ತಾರೆ. ಸಾಮಾನು ರಾಶಿ ಬಿದ್ದಾಗ ಗುಡಿಸುವವರು ಬಂದು ಗಂಟೆ ಬಾರಿಸುತ್ತಾರೆ. ಆಗ ಊರಿಗೆ ಊರೇ ನಿಂತಲ್ಲಿ ನಿಲ್ಲಬೇಕು, ಎತ್ತಿದ ಕಾಲು ಇಳಿಸುವಂತಿಲ್ಲ. ಗುಡಿಸುವವರು ಮನೆಮನೆ ಹೊಕ್ಕು ಯಾರಿಗೂ ಬೇಡವಾದ್ದನ್ನು ಹುಡುಕಿ ಹೊತ್ತೊಯ್ದ ಮೇಲೆ ಇನ್ನೊಂದು ಗಂಟೆ. ನನ್ನ ತಂಗಿ ಕಸ್ತೂರಿಯ ಗಂಡ ಸಂಗಮೇಶ ಬಳೆ ಮಾರಲು ವಾರಕ್ಕೊಮ್ಮೆ ಅಲ್ಲಿಗೆ ಹೋಗುತ್ತಾನೆ. "ಅಕ್ಕಾರ, ಅವರು ಎಷ್ಟ್ ಆರಾಮ ಅದಾರ ಗೊತ್ತೈತೇನ್ರಿ? ದಾರಿಲ್ಲ, ಮೊಳಿ ಇಲ್ಲ, ನಿಮ್ಮಂಥವರೂ ಇಲ್ಲ" ಎಂದು ನನ್ನನ್ನು ಕೆಣಕುತ್ತಾನೆ. ಗಂಟೆ ಬಾರಿಸಿದಾಗ ಹಂಚಿನ ಮೇಲಿನ ರೊಟ್ಟಿ ಸೀದು ಕರಕಲಾಗುವುದನ್ನು ಮಾತ್ರ ಹೇಳುವುದಿಲ್ಲ.

ನನಗಿಂತ ಮುಂಚೆ ದಾರದ ಮನೆಯಲ್ಲಿ ಸಂಗಯ್ಯ ಎಂಬವರಿದ್ದರು. ಬಹಳ ಒಳ್ಳೆಯ ಮನುಷ್ಯ, ಯಾರಿಗೂ ಇಲ್ಲ ಅನ್ನುತ್ತಿರಲಿಲ್ಲ. ಒಂದು ಸಲ ಒಬ್ಬಳ ಕಣ್ಣೀರು ನೋಡಲಾರದೆ, ಇನ್ನೂ ಎರವಲಿನಲ್ಲಿದ್ದ ಏಣಿಯ ದಾರವನ್ನು ಸುಮ್ಮನೆ ಬಿಚ್ಚಿಬಿಟ್ಟರು. ಏಣಿ ಕೈಬದಲಾಯಿತು, ಅಂದು ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಆರು ವರ್ಷದ ಮೇಲೆ, ಒಡತಿ ಮನೆಯಲ್ಲಿ ಆರಾಮಾಗಿ ಕೂತಿರುವಾಗ, ಸುಣ್ಣ ಹಚ್ಚುತ್ತಿದ್ದವನ ಕಾಲ ಕೆಳಗಿನಿಂದ ಆ ಏಣಿ ಮಾಯವಾಯಿತು. ಸುಳ್ಳು ಬಿಚ್ಚಿದ ದಾರದ ಗುಣವೇ ಅದು. ಯಾವತ್ತು ಕಚ್ಚುತ್ತದೆ, ಯಾರನ್ನು ಕಚ್ಚುತ್ತದೆ, ಹೇಳುವವರಿಲ್ಲ. ಬಿದ್ದವನು ಬದುಕಿದ, ಆದರೆ ಆಮೇಲೆ ಎದ್ದು ನಡೆಯಲಿಲ್ಲ. ಸಂಗಯ್ಯ ಕೆಲಸ ಬಿಟ್ಟರು, ನಾನು ಬಂದೆ.

ಇಷ್ಟು ಗೊತ್ತಿದ್ದರೆ ಸಾಕು, ಹಾಲವ್ವನ ಸಂಗತಿ ಹೇಳುತ್ತೇನೆ. ಹಾಲವ್ವ ಕಸ್ತೂರಿಯ ಅತ್ತೆ. ದಾರದ ಮನೆಯ ಓಣಿಯ ಕೊನೆಗೆ ಅವಳ ಮಾಳಿಗೆ ಮನೆ. "ಈಗ ಮನಿ ನಿನ್ನ ಹೆಸರಿಗೆ ಕೊಟ್ಟು, ನಾಳೆ ಸೌಟಿಗೂ ನಿನ್ನ ಕೇಳಬೇಕೇನು?" ಎಂದು ಸೊಸೆಗೆ ಹೇಳುತ್ತ ವರ್ಷದಿಂದ ವರ್ಷಕ್ಕೆ ಮುಂದೂಡುತ್ತ ಬಂದಿದ್ದಳು. ಕಸ್ತೂರಿ ಹೆತ್ತು ಹನ್ನೆರಡು ದಿನವಾಗಿತ್ತು, ಗಂಡು ಕೂಸು. ಹದಿಮೂರನೆಯ ದಿನಕ್ಕೆ ತೊಟ್ಟಿಲು ಕಾರ್ಯವೆಂದು ಮನೆಯಲ್ಲಿ ಕಡಬು ಬೇಯುತ್ತಿತ್ತು. ಮಧ್ಯಾಹ್ನ ಊಟ ಮುಗಿಸಿ ಎದ್ದ ಹಾಲವ್ವ ಎದೆ ಹಿಡಿದುಕೊಂಡು ಅಲ್ಲೇ ಕುಸಿದಳು. ವೈದ್ಯರು ನಾಡಿ ನೋಡಿ, ದೀಪ ಹಚ್ಚುವ ಹೊತ್ತಿನ ತನಕ ತಡೆದರೆ ಹೆಚ್ಚು ಎಂದು ಹೇಳಿ ಕೈ ತೊಳೆದುಕೊಂಡರು.

ಹಾಲವ್ವನಿಗೆ ಪ್ರಜ್ಞೆ ಇತ್ತು. ಸೊಸೆಯ ಕಡೆ ಕೈಮಾಡಿ "ಕೊಡ್ತೀನಿ" ಎಂದಳಂತೆ. ಸಂಗಮೇಶ ಒಂದೇ ಉಸಿರಿಗೆ ನನ್ನ ಬಳಿ ಓಡಿಬಂದ. ನಾನು ಹಾಲವ್ವನ ಮನೆಯ ಮೊಳೆ ನೋಡಿದೆ. ಒಂದೇ ಸೂರಿನವರಿಗೆ ದಾರ ಬೇಕಿಲ್ಲ, ಆದರೂ ಅದರಲ್ಲಿ ಒಂದು ಬಿಳಿ ದಾರ ತೂಗುತ್ತಿತ್ತು. ಅದು ಅಡಿವೆಪ್ಪನದು. ಹನ್ನೊಂದು ವರ್ಷದ ಹಿಂದೆ ಹಾಲವ್ವ ತನ್ನ ಮನೆಯ ಮುಂದಿನ ಕಟ್ಟೆಯನ್ನು ಕೂರಲೆಂದು ಅವನಿಗೆ ಎರವಲು ಕೊಟ್ಟಿದ್ದಳು. ಕಟ್ಟೆ ಅಂದರೂ ಮನೆಯದೇ ಭಾಗ. ಅವನು ಎದ್ದು ಒಪ್ಪಿಸದ ಹೊರತು ಮನೆ ಕೈಬದಲಾಗುವುದಿಲ್ಲ.

"ಅಂವ ಏಳಂಗಿಲ್ಲ ಅಂತಾನ್ರಿ" ಎಂದು ಸಂಗಮೇಶ ತಲೆಯ ಮೇಲೆ ಕೈ ಹೊತ್ತು ಕೂತ. "ಕಾಲ್ ಬಿದ್ದೆ. ಬೈದೆ. ಗೋಡಿಗೆ ಬೆನ್ನ ಹಚ್ಚಿ ಕುಂತಾನ." ಆಮೇಲೆ ದನಿ ತಗ್ಗಿಸಿದ. "ಅಕ್ಕಾರ, ಒಂದ ದಾರ. ನೀವು ಬಿಚ್ಚಿದ್ರ ಯಾರಿಗೆ ಗೊತ್ತಾಗ್ತೈತಿ? ನಿಮ್ಮ ತಂಗಿ ಮನಿ ಅಲ್ಲೇನ್ರಿ ಅದು?"

ನಾನು ಅವನನ್ನು ಎಬ್ಬಿಸಿಕೊಂಡು ಹೊರಟೆ. ಓಣಿಯ ಕೊನೆಯಲ್ಲಿ ಕಂಡದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಂಗಸರು ಕಸ್ತೂರಿಯನ್ನು ಮಾಳಿಗೆಯಿಂದ ಇಳಿಸಿ ಬೀದಿಯ ಬೇವಿನ ನೆರಳಿಗೆ ತಂದಿದ್ದರು. ತವರಿನಿಂದ ಬಂದ ಒಂದು ಟ್ರಂಕು, ಒಂದು ಕೌದಿ, ಎರಡು ತಂಬಿಗೆ, ಅವಳದೆಂದು ಇದ್ದದ್ದು ಅಷ್ಟೇ. ತೊಟ್ಟಿಲು ಹಾಲವ್ವನದು, ಒಳಗೇ ಉಳಿದಿತ್ತು. ಕಿವಿಗೆ ಬಟ್ಟೆ ಕಟ್ಟಿಕೊಂಡ ಬಾಣಂತಿ ಕೂಸನ್ನು ಸೆರಗಿನಲ್ಲಿ ಸುತ್ತಿಕೊಂಡು ಟ್ರಂಕಿನ ಮೇಲೆ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು ಬಂದಳು.

"ಅಕ್ಕಾ, ಬಿಚ್ಚಿ ಬಂದ್ಯಾ?"

"ಇಲ್ಲ ಕಸ್ತೂರಿ. ಬಿಚ್ಚಂಗಿಲ್ಲ."

"ಊರಿಗೆಲ್ಲಾ ಹೇಳ್ದಂಗ ನನಗೂ ಹೇಳ್ತೀಯಾ? ಈ ಕೂಸಿನ್ನ ಎಲ್ಲಿ ಮಲಗಸ್ಲಿ ಹೇಳು. ಈ ಗಿಡದ ಬುಡಕ್ಕ?"

"ಈಗ ಸುಳ್ಳ ಬಿಚ್ಚಿದ್ರ ಮನಿ ನಿಂದಾಗ್ತೈತಿ, ಖರೆ. ಆದ್ರ ಆ ಕಟ್ಟಿ ಯಾವತ್ತ ಹೋಗ್ತೈತಿ ಗೊತ್ತಿಲ್ಲ. ಕಟ್ಟಿ ಹೋದ್ರ ಅದರ ಮ್ಯಾಲಿನ ಗೋಡಿ ಬೀಳ್ತೈತಿ. ನಿನ್ನ ಮಗ ಅದರ ಬುಡಕ್ಕ ಆಡೂವಾಗ ಬಿತ್ತಂದ್ರ?"

ಅವಳು ನನ್ನನ್ನೇ ನೋಡಿದಳು. ಅವಳಿಗೆ ಆರು ವರ್ಷವಾಗಿದ್ದಾಗ ಅವ್ವ ಹೋದಳು, ಅವಳಿಗೆ ಜಡೆ ಹಾಕಿದ್ದು, ಅನ್ನ ಕಲಸಿ ಬಾಯಿಗಿಟ್ಟದ್ದು ನಾನು. "ಇವತ್ತಿಂದ ನನಗ ಅಕ್ಕ ಇಲ್ಲ" ಎಂದು ಹೇಳಿ ಮುಖ ತಿರುಗಿಸಿಕೊಂಡಳು. ಅಲ್ಲೇ ನಿಂತರೆ ಓಡಿಹೋಗಿ ದಾರ ಬಿಚ್ಚಿಬಿಡುತ್ತೇನೆಂದು ಹೆದರಿ, ಸೀದಾ ಕಟ್ಟೆಯ ಕಡೆ ನಡೆದೆ.

ಅಡಿವೆಪ್ಪ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಹನ್ನೊಂದು ವರ್ಷದಿಂದ ಹಾಗೆಯೇ ಕೂತವನು. ಮೊದಲ ತಿಂಗಳಲ್ಲೇ ಕಟ್ಟೆಯ ಮೇಲೆ ಎಲೆ ಅಡಿಕೆ ಉಗುಳಿದನೆಂದು ಹಾಲವ್ವ ಬೈದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಆದರೂ ಬೆಳಿಗ್ಗೆ ಬಂದು ಕೂತರೆ ಸಂಜೆಯವರೆಗೆ ಏಳುತ್ತಿರಲಿಲ್ಲ. ಅವನಿಗೂ ಒಂದು ಕಾಲಕ್ಕೆ ಮನೆ ಇತ್ತು, ಅಣ್ಣನದು. ಅಡಿವೆಪ್ಪ ಹೆಂಡತಿಯೊಡನೆ ಊಟಕ್ಕೆ ಕೂತಾಗ ಅಣ್ಣ ಯಾವುದೋ ಮಾತಿಗೆ ಸಿಟ್ಟಾಗಿ ಎದ್ದುಹೋಗಿ ಗಡಿಕಲ್ಲು ದಾಟಿದ. ಬಾಯಿಗಿಟ್ಟ ತುತ್ತು ಬಾಯಲ್ಲಿತ್ತು, ತಲೆಯ ಮೇಲೆ ಆಕಾಶವಿತ್ತು. ಅಡಿವೆಪ್ಪನ ಹೆಂಡತಿ ಆ ಮಳೆಗಾಲ ದಾಟಲಿಲ್ಲ. ಈಗ ರಾತ್ರಿ ಛತ್ರದಲ್ಲಿ ಮಲಗುತ್ತಾನೆ. ಹಗಲಿಗೆ ಈ ಕಟ್ಟೆಯೊಂದೇ ಅವನ ಜಾಗ.

"ಕಾಕಾ, ಎದ್ದು ಕಟ್ಟಿ ಒಪ್ಪಿಸ್ರಿ. ಹಾಲವ್ವ ಉಳಿಯೂದು ಕಷ್ಟ ಐತಿ."

"ಗೊತ್ತೈತವಾ. ಅಕಿ ಉಸಿರಾಡೂದು ಇಲ್ಲಿಗೇ ಕೇಳಸ್ತೈತಿ."

"ನೀವು ಏಳಲಿಲ್ಲಂದ್ರ ಮನಿ ಹೋಗ್ತೈತಿ. ಮನಿ ಕೂಡ ಕಟ್ಟಿನೂ ಹೋಗ್ತೈತಿ. ಆಗ ನಿಮಗೇನ ಉಳೀತು?"

"ಕುಂತ್ರ ಯಾರಿಗೂ ಉಳ್ಯಂಗಿಲ್ಲ. ಎದ್ರ ನನಗೊಬ್ಬಂಗ ಉಳ್ಯಂಗಿಲ್ಲ" ಎಂದು ನಕ್ಕ. ಕೋಲಿನಿಂದ ಕಟ್ಟೆಯನ್ನು ಒಮ್ಮೆ ಕುಟ್ಟಿದ. "ಆ ಸಂಗಮೇಶ ಇಲ್ಲಿ ಬಳಿ ಅಂಗಡಿ ಹಾಕ್ತೀನಂತ ಮೂರು ವರ್ಷದಿಂದ ಊರೆಲ್ಲಾ ಹೇಳ್ಕೋತ ಬಂದಾನ."

"ಕಸ್ತೂರಿ ನಿಮಗ ಮತ್ತ ಎರವಲು ಕೊಡ್ತಾಳ. ನಾ ಹೇಳ್ತೀನಿ."

"ನೀ ಹೇಳ್ತಿ?" ಎಂದು ಮೊದಲ ಬಾರಿ ನನ್ನ ಕಡೆ ತಿರುಗಿದ. "ಬಾಯಿ ಮಾತಿಗೆ ದಾರ ಕಟ್ಟಂಗಿಲ್ಲ ಅಂತ ಇಪ್ಪತ್ತ ವರ್ಷ ನಮಗ ಹೇಳಿದಾಕಿ ಯಾರು? ಇನ್ನೂ ತನ್ನದಾಗದ ಮನಿ ಕಟ್ಟಿ ಅಕಿ ನನಗ ಹೆಂಗ ಕೊಡ್ತಾಳ? ನಾ ಮೊದಲ ಏಳಬೇಕು. ಎದ್ದು ನಿಂತಾಗ ನಾ ಯಾವ ಜಾಗದವ, ಅದನ್ನ ಹೇಳು."

ಅವನ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ನನ್ನ ಮುಂದೆ ಯಾರಾದರೂ ಇದೇ ವಾದ ಇಟ್ಟಿದ್ದರೆ ಭೇಷ್ ಅನ್ನುತ್ತಿದ್ದೆ. ಎರವಲು ಎಂದರೆ ನಂಬಿಕೆ ಬೇಕು, ನಂಬಿಕೆ ಅವನ ಬಳಿ ಹನ್ನೊಂದು ವರ್ಷದ ಹಿಂದೆಯೇ ತೀರಿಹೋಗಿತ್ತು. ಒಳಗಿನಿಂದ ಹಾಲವ್ವನ ಗೊರಗೊರ ಉಸಿರು ನನಗೂ ಕೇಳಿಸಿತು. ಅವನಿಗೆ ಕೊಡಬೇಕಾದ್ದು ಎರವಲಲ್ಲ ಎಂದು ಆಗ ಹೊಳೆಯಿತು. ಕೊಟ್ಟುಬಿಟ್ಟರೆ ಮುಗಿಯಿತು, ಅದರಲ್ಲಿ ನಂಬುವ ಮಾತೇ ಇಲ್ಲ.

ದಾರದ ಮನೆಯ ಮುಂದೆ ನಾನು ಕೂರುವ ಬೆಂಚು ಇತ್ತು. ಅಪ್ಪ ತೇಗದ ಹಲಗೆ ಕೂಡಿಸಿ ಮಾಡಿ ನನಗೆ ಕೊಟ್ಟದ್ದು, ಒರಗಲು ಬೆನ್ನೂ ಇತ್ತು. ಅದರ ಮೊಳೆಗೆ ಯಾವತ್ತೂ ಒಂದು ದಾರ ಬಿದ್ದಿರಲಿಲ್ಲ, ಇಪ್ಪತ್ತೆರಡು ವರ್ಷದಲ್ಲಿ ಅದನ್ನು ಯಾರಿಗೂ ಎರವಲು ಕೊಟ್ಟವಳಲ್ಲ ನಾನು. ನಾಲ್ಕು ಜನರಿಂದ ಹೊರಿಸಿ ತಂದು ಕಟ್ಟೆಯ ಎದುರಿಗೆ, ಬೀದಿಯ ಆಚೆ ಬದಿಗೆ ಇಡಿಸಿದೆ. ಬೀದಿ ಯಾರದೂ ಅಲ್ಲ.

"ಕಾಕಾ, ಇದು ನಿಮ್ಮದು. ಎರವಲಲ್ಲ, ಕೊಟ್ಟೀನಿ."

ಅವನು ನಂಬಲಿಲ್ಲ. ಖಾತ್ರಿ ಮಾಡಿಸಲೆಂದು ನಾನೇ ಬೆಂಚಿನ ಮೇಲೆ ಕೈ ಊರಿದೆ. ಕೊಟ್ಟದ್ದು, ಮತ್ತೆ ಎರವಲು ಪಡೆಯುವ ತನಕ, ಕೊಟ್ಟವರ ಕೈಗೆ ಸಿಗುವುದಿಲ್ಲ. ಕೈ ಹಲಗೆಯಲ್ಲಿ ಹಾದುಹೋಗಿ ನಾನು ಬೀದಿಯ ಧೂಳಿನಲ್ಲಿ ಮೊಣಕಾಲೂರಿ ಬಿದ್ದೆ. ಅಂಥ ಹೊತ್ತಿನಲ್ಲೂ ಯಾರೋ ಕಿಸಕ್ಕೆಂದರು. ಅಡಿವೆಪ್ಪ ನಗಲಿಲ್ಲ. ಬಿದ್ದ ನನ್ನನ್ನೂ ಬೆಂಚನ್ನೂ ಬಹಳ ಹೊತ್ತು ನೋಡಿದ. ಆಮೇಲೆ ಕೋಲು ಊರಿ ಎದ್ದು, ಬೀದಿ ದಾಟಿ ಬಂದು, ತೇಗದ ಹಲಗೆಯ ಮೇಲೆ ಅಂಗೈ ಸವರಿ, "ಕಟ್ಟಿ ಒಪ್ಪಿಸೀನಿ" ಎಂದ.

ನಾನು ಓಡಿದೆ. ನನ್ನ ಮಂಡಿಗಳು ಓಡುವ ಕಾಲ ದಾಟಿ ಎಷ್ಟೋ ವರ್ಷವಾಗಿತ್ತು, ಆದರೂ ಓಡಿದೆ. ದಾರದ ಮನೆಗೆ ಹೋಗಿ ಮೊಳೆಗೆ ಕೈ ಹಾಕಿದರೆ ಗಂಟು ಬಿಚ್ಚುತ್ತಿಲ್ಲ. ಹನ್ನೊಂದು ವರ್ಷದ ಧೂಳು ಕೂತು ಕಲ್ಲಾಗಿದೆ. ಕಟ್ಟುವಾಗ ಹಾಲವ್ವನ ಕೈಯಲ್ಲಿ ಎಂಥ ಕಸುವಿತ್ತೋ! ಕತ್ತರಿಸುವ ಹಾಗಿಲ್ಲ, ಕತ್ತರಿಸಿದ್ದು ಬಿಚ್ಚಿದ್ದಲ್ಲ. ಉಗುರು ಮುರಿಯಿತು. ಹೊರಗೆ ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು. ಕೊನೆಗೆ ಮೊಳೆಗೆ ಮುಖ ಹಚ್ಚಿ ಹಲ್ಲಿನಿಂದ ಕಚ್ಚಿ ಎಳೆದೆ. ಬಾಯಿ ತುಂಬ ಮಣ್ಣು. ಒಂದು ಎಳೆ ಸಡಿಲವಾಯಿತು, ಇನ್ನೊಂದು ಸಡಿಲವಾಯಿತು, ದಾರ ಕೈಗೆ ಬಂತು.

ಬಾಗಿಲಿಗೆ ಬಂದು "ಆಗಲಿ!" ಎಂದು ಕೂಗಿದೆ. ನನ್ನ ಬಾಯಲ್ಲಿ ಆ ಮಾತು ಅಷ್ಟು ಜೋರಾಗಿ ಯಾರೂ ಕೇಳಿರಲಿಲ್ಲ. ಎದುರು ಅಂಗಡಿಯವನು ಒಂದು ಕ್ಷಣ ಬಾಯಿ ಬಿಟ್ಟು ನಿಂತು, ಆಮೇಲೆ ತಾನೂ ಕೂಗಿದ. "ಆಗಲಿ ಅಂತ!" ಅವನ ಪಕ್ಕದವಳು ಕೂಗಿದಳು, ಅವಳ ಪಕ್ಕದವರು ಕೂಗಿದರು, ಬಾಯಿಂದ ಬಾಯಿಗೆ ಆ ಮಾತು ಓಣಿಯುದ್ದ ಹೋಯಿತು. ನನಗೆ ಮುಂದೆ ಹೆಜ್ಜೆ ಇಡಲಾಗಲಿಲ್ಲ. ನಿಂತಲ್ಲಿಂದ ಬೇವಿನ ಗಿಡದ ಮೇಲೆ ಹಾಲವ್ವನ ಮಾಳಿಗೆ ಮಾತ್ರ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತ, ಕಣ್ಣು ಮಿಟುಕಿಸಿದರೆ ಎಲ್ಲಿ ಇಲ್ಲವಾಗುತ್ತದೋ ಎಂದು ಕಣ್ಣು ಅಗಲಿಸಿಕೊಂಡು ನಿಂತಿದ್ದೆ.

ಅಲ್ಲಿ ನಡೆದದ್ದನ್ನು ಆಮೇಲೆ ಕೇಳಿದೆ. ಹಾಲವ್ವನನ್ನು ಹೊಸ್ತಿಲ ಹೊರಗೆ ಬರೀ ನೆಲದ ಮೇಲೆ ಮಲಗಿಸಿದ್ದರಂತೆ, ಕೊಟ್ಟ ಮೇಲೆ ಮನೆ ಅವಳನ್ನು ಹೊರುವುದಿಲ್ಲವಲ್ಲ. ಸಂಗಮೇಶ ಅವ್ವನ ಕೈಯನ್ನು ಬಾಗಿಲ ಚೌಕಟ್ಟಿಗೆ ಹಚ್ಚಿ ಹಿಡಿದಿದ್ದ. ಕಸ್ತೂರಿ ಇನ್ನೊಂದು ಬದಿಗೆ ಕೈಯಿಟ್ಟಿದ್ದಳು. ಮಾತು ಬಂದು ಮುಟ್ಟಿದಾಗ ಹಾಲವ್ವ ಕಣ್ಣು ತೆರೆದು, "ಮನಿ, ಮನ್ಯಾಗಿಂದು, ಎಲ್ಲಾ ನಿ..." ಎಂದು ಅರ್ಧಕ್ಕೆ ನಿಂತಳಂತೆ. ಅವಳು ಉಗುಳು ನುಂಗಿಕೊಂಡು "ನಿಂದು" ಎಂದು ಮುಗಿಸಿದಳು. ಅವಳ ಕೈ ಚೌಕಟ್ಟಿನಿಂದ ಜಾರಿ ಗಾಳಿಯಲ್ಲಿ ಹೋಯಿತು, ಕಸ್ತೂರಿಯ ಕೈ ಅಲ್ಲೇ ನಿಂತಿತು.

ಮಾಳಿಗೆ ಇದ್ದಲ್ಲೇ ಇತ್ತು. ಓಣಿಯ ಆ ತುದಿಯಿಂದ ಜನ ಹೋ ಎಂದದ್ದು ಕೇಳಿಸಿತು. ನಾನು ಇಲ್ಲದ ಬೆಂಚಿನ ಜಾಗದಲ್ಲಿ ನೆಲಕ್ಕೇ ಕೂತು, ಬಾಯಲ್ಲಿನ ಮಣ್ಣು ಉಗುಳಿ, ಗಟ್ಟಿಯಾಗಿ ಅತ್ತೆ. ದುಃಖಕ್ಕಲ್ಲ. ಎದೆಯ ಮೇಲಿನ ಭಾರ ಇಳಿದಾಗಲೂ ಅಳು ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು, ಹಾಲವ್ವ ಹೋಗಲಿಲ್ಲ. ಕೊಟ್ಟವಳಾದ್ದರಿಂದ ಅವಳು ಮನೆಯೊಳಗಿರಲು ಈಗ ಕಸ್ತೂರಿ ಎರವಲು ಕೊಡಬೇಕಿತ್ತು. ಬಾಣಂತಿ ದಾರದ ಮನೆಗೆ ಬರಬೇಕಿಲ್ಲ, ದಾರ ಮುಟ್ಟಿಕೊಟ್ಟರೆ ಸಾಕು ಎಂಬ ರಿಯಾಯಿತಿ ಇದೆ. ನಾನೇ ದಾರ ಹಿಡಿದುಕೊಂಡು ಹೋದೆ. ಕಸ್ತೂರಿ ಮುಟ್ಟಿದಳು, ನನ್ನ ಮುಖ ನೋಡಲಿಲ್ಲ. ಮನೆ ಉಳಿದರೂ ಅವಳು ಬೀದಿಯಲ್ಲಿ ಆಡಿದ ಮಾತು ನಮ್ಮಿಬ್ಬರ ನಡುವೆ ಹಾಗೇ ಇತ್ತು. ತೊಟ್ಟಿಲು ಕಾರ್ಯಕ್ಕೆ ನನ್ನನ್ನು ಕರೆಯಲಿಲ್ಲ, ನಾನಾಗಿ ಹೋಗಲೂ ಇಲ್ಲ.

ನಾಲ್ಕನೆಯ ದಿನ ಹಾಲವ್ವ ಎದ್ದು ಕೂತು ರೊಟ್ಟಿ ಕೇಳಿದಳು. ವೈದ್ಯರು ತಮ್ಮ ಕಷಾಯದಿಂದಲೇ ಉಳಿದದ್ದೆಂದು ಹೇಳಿಕೊಂಡು ಓಡಾಡಿದರು. ವಾರದಲ್ಲಿ ಅವಳು ಬಾಗಿಲಿಗೆ ಬಂದಳು. ಬೀದಿಯಾಚೆ ಬೆಂಚಿನ ಮೇಲೆ ಅಡಿವೆಪ್ಪ. ಈಗ ಅವನ ಬೆನ್ನಲ್ಲ, ಮುಖವೇ ಇವಳ ಕಡೆಗಿತ್ತು, ಇಬ್ಬರಿಗೂ ನೋಡದೆ ಗತ್ಯಂತರವಿರಲಿಲ್ಲ. ಎರಡು ದಿನ ಬಿಗಿದುಕೊಂಡು ಕೂತು ಮೂರನೆಯ ದಿನ ಹಾಲವ್ವ, "ಸಾಯ್ತೀನಂತ ಎಲ್ಲಾ ಕೊಟ್ಟಬಿಟ್ಟೆ ನೋಡೋ, ಈಗ ಚಾದ ಕಪ್ಪಿಗೂ ಸೊಸಿನ್ನ ಕೇಳಬೇಕು" ಎಂದಳು. "ಕೇಳು, ಕೊಡ್ತಾಳ. ನನಗೂ ಒಂದ ಕಪ್ ಕೇಳು" ಎಂದ ಅವನು. ಅಂದಿನಿಂದ ಬೀದಿಯ ಮೇಲೆ ಎರಡೂ ಕಡೆಯಿಂದ ಮಾತು ಹರಿದಾಡುತ್ತಿದೆ, ನಡುವೆ ಹಾಯುವವರಿಗೆ ಪುರಸೊತ್ತು ಕೊಡುವುದಿಲ್ಲ.

ಇದೆಲ್ಲ ನನಗೆ ಬೇರೆಯವರು ಹೇಳಿದ್ದು. ಓಣಿಯ ಆ ತುದಿಗೆ ನಾನು ಹೋಗುತ್ತಲೇ ಇರಲಿಲ್ಲ. ದಾರದ ಮನೆಯಲ್ಲಿ ಗೋಣಿತಾಟು ಹಾಸಿಕೊಂಡು ಕೂತು, ಬಂದವರಿಗೆ ಹೇಳಬೇಕಾದ್ದು ಹೇಳಿ ಕಳಿಸುತ್ತಿದ್ದೆ. ರಾತ್ರಿ ಒಲೆಯ ಮುಂದೆ ಕೂತಾಗ, ನಾನು ಮಾಡಿದ್ದು ಸರಿ ಎಂದು ನನಗೇ ಹೇಳಿಕೊಳ್ಳುತ್ತಿದ್ದೆ. ಸರಿಯಾಗಿಯೇ ಇತ್ತು, ಆದರೆ ಊಟ ಸೇರುತ್ತಿರಲಿಲ್ಲ.

ಒಂದು ತಿಂಗಳಾದ ಮೇಲೆ, ಬೆಳಗಿನ ಹೊತ್ತು, ಕಸ್ತೂರಿ ಕೂಸನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೆತ್ತ ಮೇಲೆ ಅವಳು ಮನೆ ಬಿಟ್ಟು ಹೊರಟದ್ದು ಅದೇ ಮೊದಲು. ರಾತ್ರಿಯೆಲ್ಲ ನಿದ್ದೆಗೆಟ್ಟ ಕಣ್ಣು. ಒಳಗೆ ಬಂದು, ಗೋಡೆಯನ್ನು ನೋಡುತ್ತಲೇ ಹೇಳಿದಳು. "ಮಳಿಗಾಲ ಬಂತು, ಬೆಂಚ್ ತೋಯ್ತೈತಿ. ಕಾಕಾಗ ಕಟ್ಟಿನೂ ಇರ್ಲಿ ಅಂತ ದಾರ ಕಟ್ಟಾಕ ಬಂದೀನಿ. ಇವರು ಬಳಿ ಅಂಗಡಿ ಅಂತ ಗೊಣಗಿದ್ರು. ಮನಿ ನಂದು ಅಂದೆ."

ನಾನು ಬಿಳಿ ದಾರ ತೆಗೆದುಕೊಟ್ಟೆ. ಕಟ್ಟಲು ಎರಡೂ ಕೈ ಬೇಕು. ಅವಳು ಸುತ್ತ ನೋಡಿ, ಮಲಗಿಸಲು ಜಾಗ ಕಾಣದೆ, ಕೂಸನ್ನು ನನ್ನ ಕೈಗಿಟ್ಟಳು. ಇಪ್ಪತ್ತೆರಡು ವರ್ಷದ ಅಭ್ಯಾಸ, ಬಾಯಿ ತಾನೇ ಕೇಳಿಬಿಟ್ಟಿತು. "ಎಷ್ಟೊತ್ತು?"

ಅವಳು ತಿರುಗಿ ನೋಡಿದಳು. ಮೊದಲು ಅಳು ಬಂತು, ಆಮೇಲೆ ನಗು ಬಂತು, ಆಮೇಲೆ ಎರಡೂ ಒಟ್ಟಿಗೇ ಬಂದವು. "ಹಿಡಕೊಂಡಿರ ಅಕ್ಕಾ. ಮೂರ ದಿನ ಆತು, ಕಣ್ಣ ಮುಚ್ಚಿಲ್ಲ ನಾ" ಎಂದಳು. ದಾರ ಕಟ್ಟಿ ಮುಗಿಸಿ ನನ್ನ ಪಕ್ಕಕ್ಕೆ ಬಂದು, ಗೋಣಿತಾಟಿನ ಮೇಲೆ ಅಡ್ಡಾಗಿ, ನನ್ನ ತೊಡೆಗೆ ತಲೆ ತಾಗಿಸಿದವಳು ಹಾಗೆಯೇ ನಿದ್ದೆ ಹೋದಳು. ಕೂಸೂ ನನ್ನ ಹೆಬ್ಬೆರಳು ಹಿಡಿದುಕೊಂಡು ಮಲಗಿತು. ಅವಳಿಗೆ ಎಚ್ಚರವಾಗುವವರೆಗೆ, ಏಣಿ ಕೇಳಲು ಬಂದವರನ್ನೂ ಹಗ್ಗ ಕೇಳಲು ಬಂದವರನ್ನೂ ಕೈಸನ್ನೆ ಮಾಡಿ ಹೊರಗೇ ಕೂರಿಸಿದೆ.